ಗುಂಡುತೋಪಿನ ಗುರುತು

ಹಳೆಯ ಮೈಸೂರು ಸೀಮೆಯ ಬಯಲು ಜಿಲ್ಲೆಗಳಲ್ಲಿ, ಅಂದರೆ ಬೆಂಗಳೂರು ಗ್ರಾಮಾಂತರ, ಕೋಲಾರ, ತುಮಕೂರು, ಮಂಡ್ಯ, ಮೈಸೂರು, ಹಾಸನದ ಕಡೆಯ ಹಳ್ಳಿಗಳಲ್ಲಿ, ಊರಿನ ಅಂಚಿಗೋ ಕೆರೆಯ ಆಸುಪಾಸಿಗೋ ಹೊಂದಿಕೊಂಡಂತೆ, ಯಾರೊಬ್ಬರ ಸ್ವತ್ತೂ ಅಲ್ಲದೆ ಊರಿಗೆಲ್ಲ ಸೇರಿದ ಮರಗಳ ಗುಂಪೊಂದು ಇರುತ್ತಿತ್ತು. ಕಂದಾಯ ಕಡತಗಳು ಅದನ್ನು ಇಂದಿಗೂ ‘ಗುಂಡುತೋಪು’ ಎಂದೇ ಬರೆಯುತ್ತವೆ. ಗುಂಡು ಎಂದರೆ ದುಂಡು. ತೋಪು ಎಂದರೆ ನೆಟ್ಟು ಬೆಳೆಸಿದ ಮರಗಳ ಸಮೂಹ. ಮಾವು, ಹುಣಸೆ, ಹಲಸು, ನೇರಳೆ ಹಣ್ಣಿಗೆ, ಹಿಪ್ಪೆ, ಹೊಂಗೆ ದೀಪದ ಎಣ್ಣೆಗೆ, ಆಲ, ಅತ್ತಿ, ಬಸರಿ ನೆರಳಿಗೆ ಎಂದು ಬೆಳೆಸಿದ ಈ ತೋಪುಗಳಲ್ಲಿ ಹಲವು ಈಗ ಅರ್ಧ ಅಳಿದು ಅರ್ಧ ಉಳಿದಿವೆ. ಅವುಗಳ ಜಾಡು ಹಿಡಿಯುವುದು ಹೇಗೆಂಬುದು ಕೆಳಗಿನ ಸಂವಾದದ ವಿಷಯ. ಮಾತನಾಡುವವರಲ್ಲಿ ಒಬ್ಬರು ಶಾಸನ, ನಕ್ಷೆ, ಪಹಣಿಗಳನ್ನು ಓದಬಲ್ಲವರು. ಇನ್ನೊಬ್ಬರು ತೋಟಗಾರಿಕೆ ಬಲ್ಲವರು.

ಕಡತ ಬಲ್ಲವರು: ರಾಗಿ ಹೊಲದ ನಡುವೆ ನಾಲ್ಕು ಮುದಿ ಮಾವಿನ ಮರ ಕಂಡ ಕೂಡಲೇ ಅಲ್ಲೊಂದು ತೋಪಿತ್ತು ಎಂದು ಹೇಳಿಬಿಡುವುದು ಸುಲಭ. ಆದರೆ ಬದುವಿನ ಮೇಲೆ ರೈತನೇ ನೆಟ್ಟುಕೊಂಡ ಮರಕ್ಕೂ, ದನ ಕಾಯುವವರು ತಿಂದು ಬಿಸಾಡಿದ ಓಟೆಯಿಂದ ತಾನಾಗಿ ಹುಟ್ಟಿದ ಮರಕ್ಕೂ, ತೋಪಿನ ಮರಕ್ಕೂ ನೆಲದ ಮೇಲೆ ಏನು ವ್ಯತ್ಯಾಸ?

ಮರ ಬಲ್ಲವರು: ವ್ಯತ್ಯಾಸ ಮೂರು ಕಡೆ ಕಾಣುತ್ತದೆ, ಆದರೆ ಯಾವ ಒಂದನ್ನೂ ಒಂಟಿಯಾಗಿ ನಂಬುವಂತಿಲ್ಲ. ಮೊದಲನೆಯದು ಬೊಡ್ಡೆ. ಈಗಿನ ಬಾದಾಮಿ, ರಸಪುರಿ, ಮಲ್ಲಿಕಾ ತೋಟಗಳೆಲ್ಲ ಕಸಿ ಗಿಡಗಳವು. ಕಸಿ ಎಂದರೆ ಬೇಕಾದ ತಳಿಯ ಕಡ್ಡಿಯನ್ನು ಬೇರೊಂದು ಸಸಿಯ ಕಾಂಡಕ್ಕೆ ಕೂಡಿಸಿ ಬೆಳೆಸುವ ವಿಧಾನವಾದ್ದರಿಂದ, ಅಂಥ ಮರ ಆಳೆತ್ತರಕ್ಕೆ ಮೊದಲೇ ಕವಲೊಡೆದು ಕೊಡೆಯಂತೆ ಹರಡುತ್ತದೆ. ಹಳೆಯ ತೋಪಿನ ಮಾವು ಓಟೆ ಊರಿ ಬೆಳೆಸಿದ್ದು. ಅದರ ಬೊಡ್ಡೆ ಇಬ್ಬರು ಮೂವರು ಕೈ ಚಾಚಿ ತಬ್ಬುವಷ್ಟು ದಪ್ಪವಾಗಿ, ಮೊದಲ ಕೊಂಬೆ ಬರುವ ತನಕ ನೆಟ್ಟಗೆ ಎತ್ತರಕ್ಕೆ ಹೋಗಿರುತ್ತದೆ, ಹಣ್ಣು ಕೀಳಬೇಕಾದರೆ ದೋಟಿಯೂ ಸಾಲದೆ ಮರ ಹತ್ತಲೇಬೇಕಾಗುತ್ತದೆ. ಎರಡನೆಯದು ಅಂತರ. ಬೀಜದ ಮಾವಿಗೆ 40 ಅಡಿಯ ಆಸುಪಾಸಿನ ಅಂತರ ಬೇಕೆಂಬುದು ಹಳಬರಿಗೆ ಗೊತ್ತಿತ್ತು. ಉಳಿದಿರುವ ನಾಲ್ಕೇ ಮರಗಳ ನಡುವಿನ ದೂರವನ್ನು ಹೆಜ್ಜೆ ಹಾಕಿ ಅಳೆದಾಗ ಅದು ಒಂದೇ ಅಳತೆಯ ಪಟ್ಟಿಗೆ, ಇಲ್ಲವೇ ಆ ಅಳತೆಯ ಎರಡರಷ್ಟಕ್ಕೋ ಮೂರರಷ್ಟಕ್ಕೋ ಕೂಡಿ ಬಂದರೆ, ನಡುವೆ ಹೋದ ಮರಗಳ ಜಾಗವೂ ತಾನಾಗಿ ಗೊತ್ತಾಗುತ್ತದೆ. ಬದುವಿನ ಮರಗಳು ಬದು ತಿರುಗಿದ ಕಡೆ ತಿರುಗುತ್ತವೆ. ತೋಪಿನ ಮರಗಳು ಹೊಲದ ಗಡಿಯನ್ನು ಲೆಕ್ಕಿಸದೆ ತಮ್ಮದೇ ಸಾಲಿನಲ್ಲಿ ನಿಂತಿರುತ್ತವೆ.

ಕಡತ ಬಲ್ಲವರು: ಮೂರನೆಯದು?

ಮರ ಬಲ್ಲವರು: ವಯಸ್ಸು. ಆದರೆ ಅದನ್ನು ಕೊನೆಗೆ ಹೇಳುವುದು ಒಳ್ಳೆಯದು. ಇಡೀ ವಿಷಯ ಅಲ್ಲಿಗೇ ಹೋಗಿ ನಿಲ್ಲುತ್ತದೆ.

ಕಡತ ಬಲ್ಲವರು: ಬಾವಿಯನ್ನು ಗುರುತಾಗಿ ಹಿಡಿಯಬಹುದೇ? ಎಷ್ಟೋ ಕಡೆ ಮರಗಳ ಪಕ್ಕದಲ್ಲಿ ಪಾಳುಬಿದ್ದ ಕಪಿಲೆ ಬಾವಿ ಕಾಣುತ್ತದೆ.

ಮರ ಬಲ್ಲವರು: ಹಿಡಿಯಬಹುದು, ಆದರೆ ಅದು ಬೇರೆಯದನ್ನೇ ಹೇಳುತ್ತದೆ. ಕಪಿಲೆ ಎಂದರೆ ಎತ್ತುಗಳು ಇಳಿಜಾರಿನಲ್ಲಿ ನಡೆದು ಹಗ್ಗ ಎಳೆದಂತೆ ಚರ್ಮದ ದೊಡ್ಡ ಚೀಲದಲ್ಲಿ ನೀರು ಮೇಲೆ ಬರುವ ಏರ್ಪಾಡು. ಪಂಪುಸೆಟ್ಟು ಬಂದ ಮೇಲೆ ಅದು ನಿಂತುಹೋದರೂ, ಬಾವಿಯ ಬಾಯಿಗೆ ನೆಟ್ಟ ಎರಡು ಕಲ್ಲುಕಂಬ, ಕಟ್ಟೆಕಲ್ಲಿನ ಅಂಚಿನಲ್ಲಿ ಹಗ್ಗ ಉಜ್ಜಿ ಉಜ್ಜಿ ಬೆರಳು ಕೂರುವಷ್ಟು ಆಳಕ್ಕೆ ಬಿದ್ದ ಗೀರುಗಳು, ಎತ್ತು ಇಳಿದು ಏರುತ್ತಿದ್ದ ಓಣಿ, ಇವು ಮುಳ್ಳುಕಂಟಿಯೊಳಗೆ ಹುದುಗಿ ಉಳಿದಿರುತ್ತವೆ. ಇಷ್ಟು ದುಡಿಮೆ ಹಾಕಿ ನೀರೆತ್ತುತ್ತಿದ್ದುದು ತೆಂಗು, ಅಡಕೆ, ಬಾಳೆ, ವೀಳ್ಯದೆಲೆಯಂಥ ನೀರಾವರಿ ಬೆಳೆಗೆ. ಅದು ತೋಟ, ಅದಕ್ಕೊಬ್ಬ ಒಡೆಯ ಇದ್ದ. ತೋಪಿನ ಮರಕ್ಕೆ ಮೊದಲ ಎರಡು ಮೂರು ಬೇಸಿಗೆ ಕೊಡದಲ್ಲಿ ನೀರು ಹೊತ್ತು ಹುಯ್ದರೆ ಸಾಕು, ಆಮೇಲೆ ಮಳೆಯೇ ಗತಿ. ಹಾಗಾಗಿ ಕಪಿಲೆ ಬಾವಿ, ಒಂಟಿ ತೆಂಗು, ಹಳೆಯ ಕಾಲುವೆಯ ಏರಿ ಒಟ್ಟಿಗೆ ಕಂಡರೆ ಅಲ್ಲಿದ್ದುದು ತೋಟ. ಬಾವಿಯಿಲ್ಲದೆ ಕಲ್ಲುಕಟ್ಟೆ, ಗುಡಿ, ಗಾಡಿದಾರಿ ಕಂಡರೆ ತೋಪು. ಈ ಎರಡನ್ನೂ ಬೆರೆಸಿ ‘ಹಳೆಯ ತೋಟ’ ಎಂದು ಬರೆಯುವ ರೂಢಿಯಿಂದಲೇ ಅರ್ಧ ಗೊಂದಲ ಹುಟ್ಟಿದೆ.

ಕಡತ ಬಲ್ಲವರು: ಈ ಭೇದ ಶಾಸನಗಳಿಗೂ ಗೊತ್ತಿತ್ತು. ಹಳಗನ್ನಡದ ದಾನಶಾಸನಗಳಲ್ಲಿ ಗದ್ದೆ, ಬೆದ್ದಲೆ ಎಂಬ ಒಣಭೂಮಿ, ತೋಂಟ, ದೇವರ ಪೂಜೆಯ ಹೂವಿಗೆಂದು ಬಿಟ್ಟ ಪೂದೋಂಟ, ಇವು ಬೇರೆ ಬೇರೆಯಾಗಿ, ಮತ್ತರು, ಕಮ್ಮ ಎಂಬ ಅಳತೆಗಳೊಡನೆ ಬರುತ್ತವೆ. ಸಂಸ್ಕೃತದ ಆರಾಮದಿಂದ ಬಂದ ‘ಆರವೆ’ ಎಂಬ ಮಾತು ಮರಗಳ ಉಪವನಕ್ಕೆ ಸಲ್ಲುತ್ತಿತ್ತು. ಕೆರೆ ಕಟ್ಟಿಸುವುದು, ಗುಡಿ ಕಟ್ಟಿಸುವುದು, ಅಗ್ರಹಾರ ಮಾಡುವುದು, ನಿಧಿ ಇಡುವುದು, ಕಾವ್ಯ ಬರೆಸುವುದು, ಮಗನನ್ನು ಪಡೆಯುವುದು, ಇವುಗಳ ಜೊತೆಗೆ ವನ ನೆಡಿಸುವುದೂ ಸೇರಿ ಸಪ್ತಸಂತಾನ, ಅಂದರೆ ಸತ್ತ ಮೇಲೂ ಹೆಸರನ್ನು ಉಳಿಸುವ ಏಳು ಬಗೆಯ ಸಂತತಿ, ಎಂಬ ಎಣಿಕೆ ಇತ್ತು. ಮರ ನೆಡುವುದನ್ನು ಕುರಿತ ಭಾಷಣಗಳಲ್ಲಿ ತಪ್ಪದೆ ಬರುವ ಅಶೋಕನ ಮಾತು, ಅಂದರೆ ದಾರಿಬದಿಗೆ ಆಲ ನೆಡಿಸಿದ, ಮಾವಿನ ತೋಪು ಹಾಕಿಸಿದ ವಿಷಯ, ಏಳನೆಯ ಸ್ತಂಭಶಾಸನದಲ್ಲಿದೆ, ಆ ಕಂಬ ಇರುವುದು ದೆಹಲಿಯಲ್ಲಿ. ಮಸ್ಕಿ, ಬ್ರಹ್ಮಗಿರಿಗಳ ಬಂಡೆಶಾಸನಗಳು ಆ ವಿಷಯವನ್ನು ಎತ್ತುವುದಿಲ್ಲ. ಕರ್ನಾಟಕದ ತೋಪುಗಳಿಗೆ ಅಶೋಕನ ಕಾಲದ ವಂಶಾವಳಿ ಕಟ್ಟುವವರು ಇದನ್ನು ಗಮನಿಸಬೇಕು.

ಮರ ಬಲ್ಲವರು: ಊರ ಹೆಸರುಗಳು? ಹುಣಸೂರು, ಹಲಸೂರು, ಮಾವಿನಕೆರೆ, ಹುಳಿಮಾವು...

ಕಡತ ಬಲ್ಲವರು: ಅವು ಮರವನ್ನು ಹೇಳುತ್ತವೆ, ತೋಪನ್ನು ಹೇಳುವುದಿಲ್ಲ. ಗಂಗರ ತಾಮ್ರಶಾಸನಗಳಲ್ಲಿ ದಾನ ಕೊಟ್ಟ ಊರಿನ ಎಲ್ಲೆ ಹೇಳುವಾಗ ಒಂದೊಂದು ಮರವನ್ನೇ ಗುರುತಾಗಿ ಹಿಡಿದಿರುವುದುಂಟು. ಇಂದಿನ ಹುಣಸೆ ಆಗ ‘ಪುಣಿಸೆ’. ಒಂದು ಒಂಟಿ ಮರವೇ ಎಲ್ಲೆಕಲ್ಲಿನ ಕೆಲಸ ಮಾಡುತ್ತಿದ್ದ ನಾಡಿನಲ್ಲಿ, ಊರ ಹೆಸರಿನಲ್ಲಿರುವ ಮರ ಒಂದೋ ನೂರೋ ಎಂದು ಹೆಸರಿನಿಂದಷ್ಟೇ ತಿಳಿಯಲಾಗದು. ಹುಳಿಮಾವು ಮಾತ್ರ ಸ್ವಲ್ಪ ಹೆಚ್ಚು ಮಾತಾಡುತ್ತದೆ. ಆ ಹೆಸರಿಟ್ಟವರು ಅಲ್ಲಿಯ ಹಣ್ಣನ್ನು ತಿಂದು ನೋಡಿಯೇ ಇಟ್ಟಿರಬೇಕು.

ಮರ ಬಲ್ಲವರು: ಹೆಸರಿನಲ್ಲಿ ಉತ್ಪ್ರೇಕ್ಷೆ ಇರುವಂತೆ ವಯಸ್ಸಿನಲ್ಲೂ ಇದೆ. ದೇವನಹಳ್ಳಿ ತಾಲ್ಲೂಕಿನ ನಲ್ಲೂರಿನಲ್ಲಿ ಸುಮಾರು 54 ಎಕರೆಯಲ್ಲಿ 300ರಷ್ಟು ಹುಣಸೆ ಮರಗಳ ತೋಪಿದೆ. 2007ರಲ್ಲಿ ರಾಜ್ಯ ಸರ್ಕಾರ ಅದನ್ನು ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಿತು, 2002ರ ಜೀವವೈವಿಧ್ಯ ಕಾಯಿದೆಯಡಿ ದೇಶದಲ್ಲೇ ಮೊದಲ ಬಾರಿಗೆ ಆ ಹೆಸರು ಪಡೆದ ಜಾಗ ಅದು. ತೋಪು ಚೋಳರ ಕಾಲದ್ದೆಂದು ಜನರ ನಂಬಿಕೆ. ಆದರೆ ಹುಣಸೆಯ ವಯಸ್ಸನ್ನು ಮರದಿಂದಲೇ ಓದುವುದು ಕಷ್ಟ. ಚಳಿನಾಡಿನ ಮರಗಳಲ್ಲಿ ವರ್ಷಕ್ಕೊಂದು ಬಳೆ ಸ್ಪಷ್ಟವಾಗಿ ಕಾಣುತ್ತದೆ, ಮಾವು, ಹುಣಸೆಗಳಲ್ಲಿ ಆ ಬಳೆಗಳು ಮಸುಕು; ಮೇಲಾಗಿ ಹುಣಸೆ ಮುದಿಯಾದಂತೆ ಒಳಗಿನ ತಿರುಳು ಕೊಳೆತು ಪೊಟರೆಯಾಗುವುದರಿಂದ, ಎಣಿಸಬೇಕಾದ ಮೊದಲ ನೂರಾರು ವರ್ಷಗಳೇ ಮರದಲ್ಲಿ ಉಳಿದಿರುವುದಿಲ್ಲ. ಹೊರಗೆ ತಿರುಚಿಕೊಂಡ ಹಗ್ಗದ ಹುರಿಗಳಂತೆ ನಾಲ್ಕೈದು ಹೋಳಾಗಿ ನಿಂತ ಬೊಡ್ಡೆ, ನಡುವೆ ಆಡಿನ ಮರಿ ಮಲಗುವಷ್ಟು ಖಾಲಿ ಜಾಗ, ಮೇಲೆ ಮಾತ್ರ ಹೊಸ ಚಿಗುರು; ಮುದಿ ಹುಣಸೆ ಇರುವುದೇ ಹೀಗೆ. ಅದನ್ನು ಕಂಡವರು ಸಾವಿರ ವರ್ಷ ಎನ್ನುವುದರಲ್ಲಿ ಆಶ್ಚರ್ಯವಿಲ್ಲ.

ಕಡತ ಬಲ್ಲವರು: ಆದ್ದರಿಂದಲೇ ತಾರೀಖು ಗೊತ್ತಿರುವ ಬರಹ ಬೇಕಾಗುತ್ತದೆ. ವಿಚಿತ್ರವೆಂದರೆ ಮೈಸೂರು ಸೀಮೆಯ ತೋಪು, ತೋಟಗಳ ನಿಖರವಾದ ವಿವರಗಳಲ್ಲಿ ಕೆಲವು ಅವನ್ನು ಕಡಿದವರಿಂದಲೂ ಅವುಗಳೊಳಗೆ ದಾರಿ ತಪ್ಪಿದವರಿಂದಲೂ ಬಂದಿವೆ. 1792ರ ಫೆಬ್ರವರಿಯಲ್ಲಿ ಕಾರ್ನ್‌ವಾಲಿಸನ ಸೇನೆ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದಾಗ, ದ್ವೀಪದ ಪೂರ್ವ ತುದಿಯಲ್ಲಿದ್ದ ಟಿಪ್ಪುವಿನ ಲಾಲ್‌ಬಾಗಿನ ಮರಗಳನ್ನು ಕಡಿದು, ಮುತ್ತಿಗೆಯ ಕಂದಕಗಳಿಗೆ ಬೇಕಾದ ಕಟ್ಟಿಗೆ ಹೊರೆಗಳನ್ನು ಮಾಡಿಕೊಂಡಿತು. 1799ರ ಏಪ್ರಿಲ್ 5ರ ರಾತ್ರಿ ಕರ್ನಲ್ ಆರ್ಥರ್ ವೆಲ್ಲೆಸ್ಲಿ ಅದೇ ಪಟ್ಟಣದ ಹೊರಗಿನ ಸುಲ್ತಾನ್‌ಪೇಟೆ ತೋಪಿನ ಮೇಲೆ ದಾಳಿ ಮಾಡಿ, ಕಾಲುವೆಗಳು ಅಡ್ಡಾದಿಡ್ಡಿ ಹರಿದ ಆ ದಟ್ಟ ಕತ್ತಲೆಯಲ್ಲಿ ಸೈನಿಕರನ್ನು ಕಳೆದುಕೊಂಡು, ತಾನೂ ಮೊಣಕಾಲಿಗೆ ಪೆಟ್ಟು ತಿಂದು ಹಿಂದಿರುಗಿದ. ಮರುದಿನ ಬೆಳಕಿನಲ್ಲಿ ಹೆಚ್ಚಿನ ಸೇನೆ ಹೋಗಿ ಅದನ್ನು ಹಿಡಿಯಿತು. ಮುಂದೆ ವಾಟರ್ಲೂ ಗೆದ್ದ ಮನುಷ್ಯನನ್ನು ಒಂದು ರಾತ್ರಿ ತಡೆದ ತೋಪು ಅದು.

ಮರ ಬಲ್ಲವರು: ಕಾಲುವೆಗಳಿದ್ದವೆಂದರೆ ಮೇಲೆ ಹೇಳಿದ ಭೇದದಂತೆ ಅದು ತೋಪಲ್ಲ, ತೋಟ.

ಕಡತ ಬಲ್ಲವರು: ಒಪ್ಪತಕ್ಕ ಮಾತು. ತೋಪು ಎಂಬ ಪದ ಇಂಗ್ಲಿಷರ ಬಾಯಿಗೆ ಹೋಗಿ ಎಲ್ಲ ಬಗೆಯ ಮರಗುಂಪಿಗೂ ಸಂದಿತು. ಸುಲ್ತಾನ್‌ಪೇಟೆ ದಾಳಿಯ ಮರುವರ್ಷ ಈಸ್ಟ್ ಇಂಡಿಯಾ ಕಂಪನಿಯ ಆಜ್ಞೆಯಂತೆ ಮೈಸೂರನ್ನು ಸುತ್ತಲು ಹೊರಟ ಫ್ರಾನ್ಸಿಸ್ ಬುಕನನ್ ಬೆಂಗಳೂರಿನ ಸುಲ್ತಾನರ ತೋಟಗಳನ್ನು ಕಂಡು, ಚೌಕ ಚೌಕದ ಪಾತಿಗಳು, ನಡುವಿನ ದಾರಿಗೆ ಸೈಪ್ರಸ್ ಸಾಲು, ಒಂದೊಂದು ಚೌಕದಲ್ಲಿ ಒಂದೊಂದೇ ಜಾತಿಯ ಗಿಡ, ಒಂದು ಪೂರ್ತಿ ಗುಲಾಬಿ, ಇನ್ನೊಂದು ಪೂರ್ತಿ ದಾಳಿಂಬೆ ಎಂದು ಬರೆದಿಟ್ಟ. 1807ರಲ್ಲಿ ಆತನ ಪ್ರವಾಸದ ಮೂರು ಸಂಪುಟಗಳು ಅಚ್ಚಾದವು. ಊರ ತೋಪಿನ ರೀತಿ ಇದಕ್ಕೆ ತದ್ವಿರುದ್ಧ, ಅಲ್ಲಿ ಮಾವಿನ ಪಕ್ಕಕ್ಕೆ ಹಿಪ್ಪೆ, ಹಿಪ್ಪೆಯ ಪಕ್ಕಕ್ಕೆ ನೇರಳೆ. ಇವೆಲ್ಲ ದೊಡ್ಡವರ ತೋಟದ ಮಾತಾಯಿತು. ಊರ ತೋಪು ಕಾಗದಕ್ಕೆ ಕ್ರಮವಾಗಿ ಇಳಿದದ್ದು 1863ರಲ್ಲಿ ಮೈಸೂರಿನಲ್ಲಿ ಮುಂಬಯಿ ಮಾದರಿಯ ಸರ್ವೆ ಮತ್ತು ಕಂದಾಯ ನಿಗದಿ ಶುರುವಾದ ಮೇಲೆ. ಪ್ರತಿ ತುಂಡು ಭೂಮಿಗೂ ಸರ್ವೆ ನಂಬರು ಬಿದ್ದಾಗ, ತೋಪಿಗೂ ಒಂದು ನಂಬರು ಬಿತ್ತು.

ಮರ ಬಲ್ಲವರು: ಆ ನಂಬರು ಈಗಲೂ ಇದೆಯೇ?

ಕಡತ ಬಲ್ಲವರು: ಮರ ಹೋದರೂ ನಂಬರು ಹೋಗುವುದಿಲ್ಲ. ಗ್ರಾಮನಕ್ಷೆಯಲ್ಲಿ ಅದರ ಗಡಿ ಇರುತ್ತದೆ, ಪಹಣಿಯಲ್ಲಿ ಒಡೆಯರ ಹೆಸರಿನ ಜಾಗದಲ್ಲಿ ‘ಸರ್ಕಾರಿ ಗುಂಡುತೋಪು’ ಎಂದಿರುತ್ತದೆ. ಕಂದಾಯ ಕಟ್ಟಬೇಕಿಲ್ಲದ ಭೂಮಿಗೆ ಖರಾಬು ಎಂದು ಹೆಸರು. ಅದರಲ್ಲಿ ಸಾಗುವಳಿಗೆ ಬಾರದ ಕಲ್ಲುನೆಲ ‘ಅ’ ಖರಾಬು, ದಾರಿ, ಹಳ್ಳ, ಸ್ಮಶಾನದಂಥ ಸಾರ್ವಜನಿಕ ಬಳಕೆಗೆ ಬಿಟ್ಟದ್ದು ‘ಬ’ ಖರಾಬು. ಮಾಮೂಲಿನ ಅರ್ಥದಲ್ಲಿ ಖರಾಬು ಎಂದರೆ ಕೆಟ್ಟದ್ದು, ನಿರುಪಯೋಗಿ. ಊರಿಗೆಲ್ಲ ಬೇಕಾದ ನೆಲಕ್ಕೂ ಕಡತ ಅದೇ ಹೆಸರನ್ನಿಟ್ಟಿತು. ಪಹಣಿಯ 7ನೆಯ ಕಲಮಿನಲ್ಲಿ ಮರಗಳ ಹೆಸರು, ಸಂಖ್ಯೆ ಬರೆಯಲು ಜಾಗವಿದೆ, ಬಹುಪಾಲು ಪಹಣಿಗಳಲ್ಲಿ ಅದು ಖಾಲಿ. ಆ ಒಂದು ಕಲಮನ್ನು ವರ್ಷವರ್ಷ ತುಂಬಿದ್ದರೆ ಇವತ್ತು ಮರ ಬಲ್ಲವರು ಹೆಜ್ಜೆ ಹಾಕಿ ಅಳೆಯುವ ಕಷ್ಟ ಇರುತ್ತಿರಲಿಲ್ಲ.

ಮರ ಬಲ್ಲವರು: ಸರ್ಕಾರಿ ಎಂಬ ಆ ಮಾತೇ ತೋಪಿಗೆ ಮುಳುವಾಯಿತು ಎನ್ನಬಹುದು. ಊರಿಗೊಂದು ಶಾಲೆ, ಆಸ್ಪತ್ರೆ, ನೀರಿನ ಟ್ಯಾಂಕು, ಪಂಚಾಯಿತಿ ಕಟ್ಟಡ, ಬಸ್ ನಿಲ್ದಾಣ ಬೇಕಾದಾಗ ದುಡ್ಡು ಕೊಟ್ಟು ಕೊಳ್ಳಬೇಕಿಲ್ಲದ, ಊರಿಗೆ ಹತ್ತಿರದ ನೆಲ ಎಂದರೆ ತೋಪೇ. ಸರ್ಕಾರಿ ಶಾಲೆಯ ಅಂಗಳದಲ್ಲಿ ಕಟ್ಟಡಕ್ಕಿಂತ ಎಷ್ಟೋ ಹಳೆಯದಾದ ಒಂದೆರಡು ಹಿಪ್ಪೆ ಮರ ಕಂಡರೆ, ಕಾರಣ ಹೆಚ್ಚಾಗಿ ಇದೇ. ಬೆಂಗಳೂರಿನ ಸುತ್ತಲಿನ ತೋಪುಗಳು ಹೀಗೆ ಕರಗಿದ್ದನ್ನು ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ ಸೀಮಾ ಮುಂಡೋಲಿ, ಹರಿಣಿ ನಾಗೇಂದ್ರ ಅವರು ಅಧ್ಯಯನ ಮಾಡಿ ಬರೆದಿದ್ದಾರೆ.

ಕಡತ ಬಲ್ಲವರು: ಶಾಲೆಗೆ ಹೋದದ್ದನ್ನು ಕಳೆದದ್ದೆಂದು ಹೇಳುವುದು ಸ್ವಲ್ಪ ಕಠಿಣವಾಗುತ್ತದೆ, ಊರಿನ ನೆಲ ಊರಿಗೇ ಉಳಿಯಿತಲ್ಲ.

ಮರ ಬಲ್ಲವರು: ಆ ಮಾತು ಸರಿ. ನೀಲಗಿರಿಗೆ ಹೋದದ್ದರ ಬಗ್ಗೆ ಮಾತ್ರ ಹಾಗೆ ಹೇಳಲಾಗದು. 1983ರಲ್ಲಿ ವಿಶ್ವಬ್ಯಾಂಕಿನ ನೆರವಿನೊಡನೆ ಶುರುವಾದ ಸಾಮಾಜಿಕ ಅರಣ್ಯ ಯೋಜನೆಯ ಕಾಲದಲ್ಲಿ ಕೋಲಾರ, ಬೆಂಗಳೂರು ಗ್ರಾಮಾಂತರದ ಬಯಲಿನಲ್ಲಿ ನೀಲಗಿರಿ ಹರಡಿತು. 2017ರಲ್ಲಿ ಸರ್ಕಾರವೇ ಹೊಸದಾಗಿ ಅದನ್ನು ನೆಡಬಾರದೆಂದು ಆಜ್ಞೆ ಮಾಡಬೇಕಾಯಿತು. ನೀಲಗಿರಿಯ ಕೆಳಗೆ ಪರಿಷೆ ನಡೆಯುವುದಿಲ್ಲ, ದನ ಕಟ್ಟುವುದಿಲ್ಲ, ಮಕ್ಕಳು ಕಲ್ಲು ಬೀರುವುದಿಲ್ಲ. ಇನ್ನು ಇಟ್ಟಿಗೆ ಗೂಡುಗಳು ತಿಂದ ಹುಣಸೆ, ಮಾವುಗಳಿಗೆ ಲೆಕ್ಕವೇ ಇಲ್ಲ.

ಕಡತ ಬಲ್ಲವರು: ಹಾಗಾದರೆ ಉಳಿದಿರುವ ಗುರುತುಗಳಲ್ಲಿ ಆಚಾರಗಳನ್ನೂ ಸೇರಿಸಬೇಕು. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆ ಮರಗಳ ನೆರಳನ್ನು ಹಿಡಿದೇ ಕಟ್ಟುತ್ತದೆ. ಪಂಚಾಯಿತಿ ಪ್ರತಿ ಬೇಸಿಗೆ ಹುಣಸೆ ಫಸಲನ್ನು ಹರಾಜು ಹಾಕುವ ಊರುಗಳಲ್ಲಿ, ಹರಾಜಿನ ಕಾಗದವೇ ತೋಪಿನ ಪುರಾವೆ.

ಮರ ಬಲ್ಲವರು: ಊರಿನ ಆಚಾರ ಮರಗಳನ್ನು ಉಳಿಸುವುದಕ್ಕೆ ಕೊಕ್ಕರೆ ಬೆಳ್ಳೂರು ಒಳ್ಳೆಯ ಉದಾಹರಣೆ. ಮದ್ದೂರು ತಾಲ್ಲೂಕಿನ ಆ ಊರಿನಲ್ಲಿ ಬಣ್ಣದ ಕೊಕ್ಕರೆಗಳೂ ಹೆಜ್ಜಾರ್ಲೆಗಳೂ ಗೂಡು ಕಟ್ಟುವುದು ಮನೆಗಳ ನಡುವಿನ ಹುಣಸೆ, ಅತ್ತಿ ಜಾತಿಯ ಮರಗಳಲ್ಲಿ. ಗೂಡಿರುವ ಮರದ ಹುಣಸೆಹಣ್ಣನ್ನು ಬಡಿಯುವಂತಿಲ್ಲವಾದ್ದರಿಂದ ಮರದ ಒಡೆಯರಿಗೆ ಅರಣ್ಯ ಇಲಾಖೆ ಪರಿಹಾರ ಕೊಡುವ ಪದ್ಧತಿ ಬಂತು. 2007ರಲ್ಲಿ ಅದು ಸಮುದಾಯ ಮೀಸಲು ಪ್ರದೇಶವಾಯಿತು. ಹಕ್ಕಿ ನೋಡಲು ಹೋಗುವವರು ಮೇಲೆ ನೋಡುತ್ತಾರೆ. ಬೊಡ್ಡೆಯನ್ನು ನೋಡುವವರು ಕಡಿಮೆ.

ಕಡತ ಬಲ್ಲವರು: 2011ರಲ್ಲಿ ಸುಪ್ರೀಂ ಕೋರ್ಟು ಪಂಜಾಬಿನ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಊರೊಟ್ಟಿನ ಭೂಮಿಯ ಒತ್ತುವರಿ ತೆರವು ಮಾಡಿಸಬೇಕೆಂದು ಎಲ್ಲ ರಾಜ್ಯಗಳಿಗೂ ಹೇಳಿತು. ಆ ತೀರ್ಪಿನ ಬಲದ ಮೇಲೆ ಗುಂಡುತೋಪನ್ನು ಬಿಡಿಸಿಕೊಳ್ಳಬಹುದು. ಆದರೆ ಕಾನೂನು ಬಿಡಿಸಿಕೊಡುವುದು ನೆಲವನ್ನು ಮಾತ್ರ. ತೋಪಿಗೆ ಯಾರು ನೀರು ಹೊರಬೇಕು, ಯಾರು ಕಾಯಬೇಕು, ಬಿದ್ದ ಹಣ್ಣು ಯಾರಿಗೆ ಎಂಬ ಊರ ಕಟ್ಟಳೆಗಳಿಗೆ ಪಟೇಲ, ಶಾನುಭೋಗ, ತಳವಾರ, ತೋಟಿ ಎಂಬ ವಂಶಪಾರಂಪರ್ಯದ ಹುದ್ದೆಗಳ ಆಸರೆ ಇತ್ತು. 1961ರ ಗ್ರಾಮಾಧಿಕಾರಗಳ ರದ್ದಿಯಾತಿ ಕಾಯಿದೆಯಿಂದ ಅವು ಹೋದವು. ಆ ಹುದ್ದೆಗಳಲ್ಲಿ ಜಾತಿಯ ಬಿಟ್ಟಿ ದುಡಿಮೆ ಸೇರಿಕೊಂಡಿದ್ದುದರಿಂದ ಅವು ಹೋದದ್ದು ನ್ಯಾಯವೇ. ಕೊರತೆಯಾದದ್ದು, ತೋಪು ಕಾಯುವ ಕೆಲಸಕ್ಕೆ ಅವರ ಬದಲು ಬೇರೆ ಯಾರನ್ನೂ ನೇಮಿಸದೆ ಹೋದದ್ದು. ಈಗ ಉಳಿಸಿಟ್ಟ ಮೂರನೆಯ ಗುರುತನ್ನು ಹೇಳಬಹುದು.

ಮರ ಬಲ್ಲವರು: ಒಂದು ತೋಪಿನಲ್ಲಿ ಉಳಿದ ಮರಗಳ ಸುತ್ತಳತೆಯನ್ನು ಎದೆಮಟ್ಟದಲ್ಲಿ ಟೇಪು ಸುತ್ತಿ ಬರೆದುಕೊಳ್ಳುತ್ತ ಹೋದರೆ ಎಲ್ಲವೂ ಹೆಚ್ಚುಕಡಿಮೆ ಒಂದೇ ವಾರಗೆಯವು ಎಂದು ಗೊತ್ತಾಗುತ್ತದೆ. ಮುದಿ ಮರಗಳಿವೆ, ನಡುವಯಸ್ಸಿನವು ಇಲ್ಲ, ಎಳೆಯವು ಇದ್ದರೆ ಆಡು ತಿಂದ ಮೊಟಕು ಸಸಿಗಳು, ಇಲ್ಲವೇ ಲಂಟಾನ. ಕಾಡಿನಲ್ಲಿ ಎಲ್ಲ ವಯಸ್ಸಿನ ಮರಗಳೂ ಕೂಡಿ ಬೆಳೆಯುತ್ತವೆ. ಒಂದೇ ವಾರಗೆ ನಿಂತಿರುವುದು ನೆಟ್ಟ ಜಾಗದಲ್ಲಿ ಮಾತ್ರ. ಹಾಗಾಗಿ ಇದು ತೋಪು ಎನ್ನುವುದಕ್ಕೂ ಗುರುತು, ನೆಡುವುದು ಯಾವ ತಲೆಮಾರಿಗೆ ನಿಂತಿತು ಎನ್ನುವುದಕ್ಕೂ ಗುರುತು. ಕೊಡಲಿ, ಇಟ್ಟಿಗೆ ಗೂಡು, ನೀಲಗಿರಿ ಇವೆಲ್ಲ ಕಣ್ಣಿಗೆ ಕಾಣುವ ಶತ್ರುಗಳು. ಅವುಗಳಿಗೂ ಮೊದಲೇ, ಸತ್ತ ಮರದ ಜಾಗಕ್ಕೆ ಇನ್ನೊಂದನ್ನು ನೆಡುವುದು ನಿಂತಾಗಲೇ, ತೋಪು ಮುಗಿದಿತ್ತು. ಇರುವ ಮರಗಳನ್ನು 1976ರ ಮರಗಳ ಸಂರಕ್ಷಣಾ ಕಾಯಿದೆ ಎಷ್ಟೇ ಕಾದರೂ ಅವು ತಮ್ಮ ಆಯುಸ್ಸು ಮುಗಿಸಿ ಬೀಳುತ್ತವೆ.

ಕಡತ ಬಲ್ಲವರು: ಹೊಸದಾಗಿ ನೆಟ್ಟರೆ ಅದು ಹಳೆಯ ತೋಪಾಗುವುದೇ? ಬೀಜದಿಂದ ಬಂದ ಮಾವು ತಾಯಿಮರದ ಹಣ್ಣನ್ನೇ ಕೊಡುವುದಿಲ್ಲ ಎನ್ನುತ್ತಾರೆ.

ಮರ ಬಲ್ಲವರು: ಕೊಡುವುದಿಲ್ಲ, ಅದು ನಿಜ. ಈ ಭಾಗದ ಮಾವಿನ ಓಟೆಯೊಳಗೆ ಸಾಮಾನ್ಯವಾಗಿ ಒಂದೇ ಮೊಳಕೆ ಇದ್ದು, ಅದು ಎರಡು ಮರಗಳ ಕೂಡಿಕೆಯಿಂದ ಹುಟ್ಟಿದ್ದಾದ್ದರಿಂದ ಹಣ್ಣು ತಾಯಿಯಂತೆಯೇ ಇರುತ್ತದೆಂಬ ಭರವಸೆ ಇಲ್ಲ. ಒಂದು ಮರದ ಹಣ್ಣು ಜೀರಿಗೆಯ ವಾಸನೆ, ಇನ್ನೊಂದರದು ನಾರು, ಮತ್ತೊಂದರದು ಗೋಲಿ ಗಾತ್ರದ ಸಕ್ಕರೆ, ಪಕ್ಕದ್ದು ಉಪ್ಪಿನಕಾಯಿಗಷ್ಟೇ ಸಲ್ಲುವ ಹುಳಿ; ತೋಪಿನ ಮಾವು ಮೊದಲಿನಿಂದಲೂ ಹೀಗೆಯೇ, ಎರಡು ಮರ ಒಂದೇ ರುಚಿ ಇರಲಿಲ್ಲ. ಊರಿನವರು ಇಷ್ಟಪಡುವ ಒಂದು ಮರವನ್ನು ಅದೇ ರುಚಿಯಲ್ಲಿ ಉಳಿಸಬೇಕೆಂದರೆ ಅದರ ಕಡ್ಡಿ ತಂದು ಕಸಿ ಮಾಡಬೇಕು. ತೋಪನ್ನು ತೋಪಾಗಿ ಉಳಿಸಬೇಕೆಂದರೆ ಓಟೆಯನ್ನೇ ಊರಬೇಕು. ಎರಡೂ ಕೆಲಸ ಮಳೆಗಾಲದ ಮೊದಲ ತಿಂಗಳಿನದು. ಹುಣಸೆಬೀಜವನ್ನು ಡಬ್ಬಿಯಲ್ಲಿ ತಿಂಗಳುಗಟ್ಟಲೆ ಇಟ್ಟು ಆಮೇಲೆ ಬಿತ್ತಬಹುದು. ಮಾವಿನ ಓಟೆ ಮಾತ್ರ ಹಣ್ಣಿನಿಂದ ಬೇರೆಯಾದ ನಾಲ್ಕೈದು ವಾರದೊಳಗೆ ಮಣ್ಣು ಸೇರದಿದ್ದರೆ ಮೊಳೆಯುವುದಿಲ್ಲ.